ಬೇಡ ಅನ್ನದ ಸಮೀಕರಣ

ಕೃಷ್ಣಗಿರಿ
ನವೆಂಬರ್ 10, 2024

ಪ್ರೀತಿಯ ಮಾವ,

ಕಾಗದ ನೋಡಿ ಗಾಬರಿ ಬೀಳಬೇಡ, ಯಾರಿಗೂ ಏನೂ ಆಗಿಲ್ಲ. ಈ ಕಾಲದಲ್ಲಿ ಅಂಚೆಯವನು ಬಾಗಿಲು ತಟ್ಟಿದರೆ ಒಂದೋ ಕೋರ್ಟು ಇಲ್ಲಾ ಬ್ಯಾಂಕು ಅಂತ ಅಪ್ಪ ಅನ್ನುತ್ತಿರುತ್ತಾನೆ. ಇದು ಎರಡೂ ಅಲ್ಲ, ನಿನ್ನ ಅಕ್ಕನ ಮಗಳು ಭಾನು.

ಈ ಹಾಸ್ಟೆಲ್ಲಿನ ಕಾನೂನು ನಿನಗೆ ಗೊತ್ತಲ್ಲ. ಫೋನು ಒಳಗೆ ತರುವಂತಿಲ್ಲ. ಭಾನುವಾರ ವಾರ್ಡನ್ ಮೇಜಿನ ಮೇಲೆ ಅವರದೇ ಫೋನು, ಸ್ಪೀಕರ್ ಹಾಕಿ ಹತ್ತು ನಿಮಿಷ, ಅದೂ ಮನೆಯವರ ಜೊತೆ ಮಾತ್ರ. ಡಿಗ್ರಿ ಕೊನೇ ವರ್ಷದ ಹುಡುಗಿಯರನ್ನು ಹೀಗೆ ಕೋಳಿ ಮುಚ್ಚಿದ ಹಾಗೆ ಬುಟ್ಟಿಯಲ್ಲಿ ಮುಚ್ಚಿಡುತ್ತಾರೆ ಅಂತಲೇ ಅಮ್ಮ ಇಲ್ಲಿಗೆ ಸೇರಿಸಿದ್ದು. ಕಾಗದ ಮಾತ್ರ ಬರೆಯಬಹುದು, ವಾರ್ಡನ್ ಒಡೆದು ಓದಿ ಕಳಿಸುತ್ತಾರೆ. ನಾನು ಊರಿನ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ ಈಗ ಉಪಯೋಗಕ್ಕೆ ಬಂತು. ವಾರ್ಡನ್‌ಗೆ ತಮಿಳು, ಇಂಗ್ಲಿಷ್ ಬಿಟ್ಟರೆ ಕನ್ನಡ ಓದಲು ಬಾರದು; ನಿನ್ನೆ ನನ್ನ ಕನ್ನಡ ನೋಟ್ಸ್ ತಲೆಕೆಳಗೆ ಹಿಡಿದು "ಇದು ಎನ್ನಮ್ಮಾ, ಜಿಲೇಬಿಯಾ?" ಅಂದರು.

ವಿಷಯಕ್ಕೆ ಬರುತ್ತೇನೆ. ಫಿಸಿಕ್ಸ್ ಡಿಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಒಂದೊಂದು ಸೆಮಿನಾರ್ ಕೊಡಬೇಕು. ಮೂರ್ತಿ ಸರ್ ಚೀಟಿ ಎತ್ತಿಸಿದರು. ನನಗೆ ಬಂದದ್ದು: ಭೌತಶಾಸ್ತ್ರದ ನಿಯಮಗಳು ಕಾಲಯಾನಕ್ಕೆ ಅವಕಾಶ ಕೊಡುತ್ತವೆಯೇ? ಎಲ್ಲರೂ ನಕ್ಕರು. "ನೀ ಸಿನಿಮಾ ಕಥೆ ಹೇಳು, ಸಾಕು" ಅಂದಳು ಪಕ್ಕದವಳು. ಅವಳ ಬಾಯಿ ಮುಚ್ಚಿಸಬೇಕು ಅಂತ ಹಟ ಬಂದಿದೆ.

ನೀನು ಎಂ.ಎಸ್ಸಿ. ಅರ್ಧಕ್ಕೆ ಬಿಟ್ಟು ಕಾರ್ಖಾನೆ ಸೇರಿದೆ. ಬುದ್ಧಿ ಅರ್ಧಕ್ಕೆ ಬಿಟ್ಟಿಲ್ಲ ಅಂದುಕೊಂಡಿದ್ದೇನೆ. ಹತ್ತನೇ ಕ್ಲಾಸಿನಲ್ಲಿ ನನಗೆ ಬೆಳಕಿನ ಪಾಠ ಹೇಳಿಕೊಟ್ಟ ಹಾಗೆ ಇದನ್ನೂ ಹೇಳಿಕೊಡು. ಸುಲಭವಾಗಿ ಬರಿ, ಉಪದೇಶ ಬೇಡ.

ನಿನ್ನ
ಭಾನು


ಜೂಜುವಾಡಿ
ನವೆಂಬರ್ 17, 2024

ಭಾನುಗೆ ಸುರೇಂದ್ರನ ಆಶೀರ್ವಾದ.

ನಿನ್ನ ಕಾಗದವನ್ನು ರೂಮಿನ ಓನರ್ ಎರಡು ಬೆರಳಲ್ಲಿ ಹಿಡಿದುಕೊಂಡು ತಂದುಕೊಟ್ಟರು, ಸತ್ತ ಇಲಿ ಹಿಡಿದ ಹಾಗೆ. ನನಗೆ ಮಾತ್ರ ತುಂಬ ಖುಷಿಯಾಯಿತು. ಫಿಸಿಕ್ಸ್ ಬಗ್ಗೆ ನನ್ನನ್ನು ಯಾರಾದರೂ ಕೇಳಿ ಎಷ್ಟು ವರ್ಷವಾಯಿತೋ. ಇಲ್ಲಿ ನನ್ನನ್ನು ಕೇಳುವುದು ಒಂದೇ: ಬೇರಿಂಗಿನ ಅಳತೆ ಸರಿ ಇದೆಯಾ ಇಲ್ಲವಾ.

ಮೊದಲು ಸುಲಭದ ಅರ್ಧ. ಮುಂದಕ್ಕೆ ಹೋಗುವುದಕ್ಕೆ ನಿಯಮಗಳ ಅಡ್ಡಿ ಏನೂ ಇಲ್ಲ. ಚಲಿಸುತ್ತಿರುವ ಗಡಿಯಾರ ಒಂದೇ ಕಡೆ ಇರುವ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ. ಇದು ಕಥೆಯಲ್ಲ, ವಿಮಾನದಲ್ಲಿ ಗಡಿಯಾರ ಇಟ್ಟು ಅಳೆದು ನೋಡಿದ್ದಾರೆ. ನನ್ನ ಕಿಟಕಿಯ ಕೆಳಗೆ ಹಗಲೂ ರಾತ್ರಿ ಲಾರಿಗಳು ಅತ್ತಿಬೆಲೆ ಕಡೆಗೆ ಹೋಗುತ್ತಿರುತ್ತವೆ. ಆ ಡ್ರೈವರುಗಳು ಮನೆಯಲ್ಲಿ ಕೂತವರಿಗಿಂತ ತೀರಾ ಚೂರು, ಯಾರೂ ಗುರುತಿಸಲಾರದಷ್ಟು ಚೂರು, ಕಡಿಮೆ ಮುದುಕರಾಗುತ್ತಾರೆ. ಲಾರಿ ಬೆಳಕಿನ ವೇಗದ ಹತ್ತಿರ ಓಡಿದರೆ ಡ್ರೈವರ್ ಒಂದು ಟ್ರಿಪ್ ಮುಗಿಸಿ ಬರುವಷ್ಟರಲ್ಲಿ ಮೊಮ್ಮಕ್ಕಳಿಗೆ ಮದುವೆ ಆಗಿರುತ್ತದೆ.

ಕಷ್ಟದ ಅರ್ಧ ಹಿಂದಕ್ಕೆ ಹೋಗುವುದು. ಐನ್‌ಸ್ಟೀನನ ಸಮೀಕರಣಗಳಲ್ಲಿ ಕಾಲದ ದಾರಿ ಸುತ್ತಿಕೊಂಡು ಬಂದು ತನ್ನ ಹಿಂದಿನ ಜಾಗವನ್ನೇ ಸೇರುವಂಥ ಉತ್ತರಗಳು ಇವೆ. ಸಮೀಕರಣ ಬೇಡ ಅನ್ನುವುದಿಲ್ಲ. ಆದರೆ ಭಾನು, ಇದನ್ನು ಸೆಮಿನಾರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆ: ಸಮೀಕರಣ ಬೇಡ ಅನ್ನಲಿಲ್ಲ ಅಂದರೆ ಹೌದು ಅಂದ ಹಾಗಲ್ಲ. ಅಂಥ ದಾರಿ ತೆರೆದಿಡುವುದಕ್ಕೆ ಸೊನ್ನೆಗಿಂತ ಕಡಿಮೆ ಶಕ್ತಿ ಇರುವ ವಸ್ತು ಬೇಕು, ರಾಶಿ ರಾಶಿ ಬೇಕು. ಅದು ಯಾರ ಕೈಯಲ್ಲೂ ಇಲ್ಲ. ಪ್ರಕೃತಿಯೇ ಎಲ್ಲೋ ಬಾಗಿಲು ಹಾಕಿದೆ ಅಂತ ಅನೇಕರ ಅನುಮಾನ. ಸಾಧಿಸಿ ತೋರಿಸಿದವರು ಇನ್ನೂ ಇಲ್ಲ.

ಅರ್ಥವಾಗದಿದ್ದರೆ ಮತ್ತೆ ಬರಿ. ಅರ್ಥವಾದರೂ ಬರಿ.

ಇಂತಿ
ಸುರೇಂದ್ರ


ಕೃಷ್ಣಗಿರಿ
ಡಿಸೆಂಬರ್ 12, 2024

ಮಾವ,

ಇದು ನಾನು ಬರೆಯುತ್ತಿರುವ ಐದನೆಯದೋ ಆರನೆಯದೋ ಕಾಗದ, ಲೆಕ್ಕ ತಪ್ಪಿದೆ. ನಿನ್ನವು ಒಂದೊಂದೂ ಪುಸ್ತಕದಷ್ಟು ದಪ್ಪ, ನನ್ನ ಟ್ರಂಕಿನಲ್ಲಿ ಬಟ್ಟೆಗಿಂತ ಎತ್ತರ ಆಗಿವೆ. ಪಕ್ಕದ ಮಂಚದವಳು "ನಿಂಗೆ ಲವ್ ಲೆಟರ್ ಬತ್ತಾ ಇದಿಯಾ?" ಅಂತ ಕೆಣಕಿದಳು. ತೋರಿಸಿದೆ. ನೀನು ಬರೆದು ಕಳಿಸಿದ ಬೆಳಕಿನ ಶಂಕುಗಳ ಚಿತ್ರ ನೋಡಿ ತನ್ನ ಮಂಚಕ್ಕೆ ವಾಪಸ್ ಹೋದಳು.

ಆ ಚಿತ್ರ ಈಗ ನನ್ನ ಕೈಗೆ ಹತ್ತಿದೆ. ಎರಡು ಶಂಕು ತುದಿಗೆ ತುದಿ. ಕೆಳಗಿನದು ನನ್ನನ್ನು ಈವರೆಗೆ ತಲುಪಿದ್ದೆಲ್ಲ, ಮೇಲಿನದು ನಾನು ಇನ್ನು ತಲುಪಬಹುದಾದ್ದೆಲ್ಲ. ಎರಡಕ್ಕೂ ಹೊರಗೆ ಎಷ್ಟೋ ಸಂಗತಿ ನಡೆಯುತ್ತಿರುತ್ತದೆ, ಅದರ ಸುದ್ದಿ ನನಗೆ ಇನ್ನೂ ಬಂದಿಲ್ಲ, ನನ್ನ ಮಾತೂ ಅಲ್ಲಿಗೆ ಹೋಗಿಲ್ಲ. ಬರೆಯುವಾಗ ಮೈ ಜುಮ್ಮೆಂದಿತು.

ಹೊಸದೊಂದು ಓದಿದೆ, ನೀನು ಹೇಳಿರಲಿಲ್ಲ. ಕಾಲಯಂತ್ರ ಅಂತ ಒಂದನ್ನು ಮಾಡಿದರೂ ಅದು ಮಾಡಿದ ದಿನಕ್ಕಿಂತ ಹಿಂದಕ್ಕೆ ಹೋಗುವಂತಿಲ್ಲವಂತೆ, ಆ ದಾರಿ ಶುರುವಾಗುವುದೇ ಅಲ್ಲಿಂದ. ಹಾಗಾದರೆ ತಾತನನ್ನು ಕೊಲ್ಲುವ ಗೋಜೇ ಇಲ್ಲ! ಈ ಪುಸ್ತಕಗಳಲ್ಲೆಲ್ಲ ಮೊಮ್ಮಗ ಹಿಂದಕ್ಕೆ ಹೋಗಿ ತಾತನನ್ನೇ ಯಾಕೆ ಕೊಲ್ಲುತ್ತಾನೆ ಮಾವ? ನಮ್ಮ ಮುನಿಯಲ್ಲಪ್ಪ ತಾತನ ಹತ್ತಿರ ನಾನು ಹೋದರೆ ಕೊಲ್ಲುವುದಿಲ್ಲ. ನನ್ನ ನಾಮಕರಣದ ದಿನ "ಈ ಹೆಣ್ಣು ನನ್ ಮಗ ಸುರೇಂದ್ರಂಗೇಯ" ಅಂತ ತೊಟ್ಟಿಲ ಮುಂದೆ ನಿಂತು ಹೇಳಿದನಂತಲ್ಲ, ಆ ಹೊತ್ತಿಗೆ ಸರಿಯಾಗಿ ಬಾಯಿಗೊಂದು ದೊಡ್ಡ ಉಂಡೆ ಸಕ್ಕರೆ ಪೊಂಗಲ್ ತುರುಕಿಬಿಡುತ್ತೇನೆ. ಅಷ್ಟೇ. ನಿನಗೂ ನಿಶ್ಚಿಂತೆ, ನನಗೂ ನಿಶ್ಚಿಂತೆ.

ವಾರ್ಡನ್ ಯಾಕೋ ಇತ್ತೀಚೆಗೆ ನನ್ನ ಲಕೋಟೆಗಳನ್ನು ಎಣಿಸುತ್ತಿದ್ದಾರೆ. ಎಣಿಸಲಿ ಬಿಡು.

ನಿನ್ನ
ಭಾನು


ತೊರಪಲ್ಲಿ ಅಗ್ರಹಾರ
ಡಿಸೆಂಬರ್ 22, 2024

ಚಿ|| ಸೌ|| ಭಾನುಗೆ ನಿಮ್ಮಮ್ಮ ರಾಮಲಕ್ಷ್ಮಮ್ಮ ಮಾಡುವ ಆಶೀರ್ವಾದ.

ಫೋನಿನಾಗೆ ಹೇಳಾಣ ಅಂದ್ರೆ ಆ ವಾರ್ಡನ್ನು ಸ್ಪೀಕರ್ ಹಾಕ್ಕಂಡು ಮನೆ ಮಾತೆಲ್ಲ ಕೇಳ್ತಾಳೆ. ಅದ್ಕೇ ಐದನೇ ಕ್ಲಾಸಿನ ಕೈನಾಗೆ ಬರೀತಾ ಇದೀನಿ, ತಪ್ಪಿದ್ರೆ ನಗಬ್ಯಾಡ.

ಹೋದ ವಾರ ಅವಳು ಫೋನ್ ಮಾಡಿ "ಉಂಗ ಪೊಣ್ಣು ಯಾರೋ ಒಬ್ಬನುಕ್ಕು ವಾರಾವಾರಂ ಕನ್ನಡತ್ತುಲ ಎಳುದುರಾ" ಅಂದ್ಳು, ನಿಮ್ ಹುಡುಗಿ ಯಾವನಿಗೋ ವಾರಾವಾರ ಕನ್ನಡದಾಗೆ ಬರೀತಾಳೆ ಅಂತ. ಎದೆ ಧಸಕ್ಕಂತು ಕಣೇ. ಮಾರ್ನೇ ದಿನವೇ ಬಂದು ನಿನ್ ಜಡೆ ಹಿಡ್ಕಂಡು ಎಳ್ಕೊಂಡು ಬರಾಣ ಅಂತ ಸೀರೆ ಉಟ್ಟಿದ್ದೆ. ಆಮ್ಯಾಕೆ ಆಯಮ್ಮನೇ ತಿರ್ಗಾ ಫೋನ್ ಮಾಡಿ ಲಕೋಟೆ ಮ್ಯಾಲಿನ ಇಂಗ್ಲೀಸು ಅಡ್ರೆಸ್ ಓದಿ ಹೇಳಿದ್ಳು. ಜೂಜುವಾಡಿ, ಸುರೇಂದ್ರ! ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ಬೇರೆ ಯಾವನಾದ್ರೂ ಆಗಿದ್ರೆ ನಿನ್ ಕಾಲೇಜು ಅವತ್ತಿಗೆ ಮುಗೀತಿತ್ತು.

ಅವನ ರೂಮಿಗೆ ಹೋಗಿದ್ದೆ. ನಿನ್ ಕಾಗ್ದ ಎಲ್ಲಾ ದಾರ ಕಟ್ಟಿ ತಲೆದಿಂಬಿನ ಪಕ್ಕ ಮಡಗವ್ನೆ. ಒಂದು ತೆಗ್ದು ನೋಡ್ದೆ. ಗುಡ್ಲು ಮ್ಯಾಲೆ ಗುಡ್ಲು ಬೋರಲು ಹಾಕಿದಂಗೆ ಏನೋ ಬರ್ದಿದೀಯ. ನಂಗೆ ಅರ್ಥ ಆಗದಿದ್ರೂ ಪರ್ವಾಗಿಲ್ಲ, ನಿಮ್ಮಿಬ್ರಿಗೆ ಅರ್ಥ ಆದ್ರೆ ಸಾಕು. ತಾತ ಕೊಟ್ಟ ಮಾತನ್ನ ನಾವು ಎತ್ತಕ್ಕೂ ಹೆದರ್ತಿದ್ವಿ, ಓದೋ ಹುಡುಗಿ ಏನಂತಾಳೋ ಅಂತ. ನೀವೇ ಒಳಗೊಳಗೇ ಸರಿಮಾಡ್ಕಂಡಿದ್ದೀರ.

ಅವನ್ನೂ ಕೇಳ್ದೆ. "ಏನ್ಲಾ ತಮ್ಮಯ್ಯ, ಎಲೆ ಶಾಸ್ತ್ರ ಮಾಡ್ಬುಡಾಣ್ವ?" ಅಂದೆ. ತಲೆ ಬಗ್ಗಿಸ್ಕಂಡು ಕೂತಿದ್ದ. ಬ್ಯಾಡ ಅನ್ನಲಿಲ್ಲ.

ಪೊಂಗಲ್ ಬರೋ ತೈ ತಿಂಗಳಾಗೆ, ಅಮಾವಾಸ್ಯೆ ಕಳದು ಜನವರಿ ಮೂವತ್ತೊಂದು ಶುಕ್ರವಾರ ಇಟ್ಕಂಡಿದೀವಿ. ಫೆಬ್ರವರಿ ಬಂತು ಅಂದ್ರೆ ರೋಜಾ ಕಟಾವು, ನಿಮ್ಮಪ್ಪನ್ನ ತ್ವಾಟದಿಂದ ಈಚೆಗೆ ಎಳಿಯಕ್ಕಾಗಲ್ಲ. ಎಲೆ ಶಾಸ್ತ್ರಕ್ಕೆ ಹುಡುಗಿ ಇರಲೇಬೇಕು ಅಂತಿಲ್ಲ, ದೊಡ್ಡೋರು ಎಲೆ ಅಡಿಕೆ ಬದಲಾಯಿಸ್ಕಂಡ್ರೆ ಮುಗೀತು. ನೀನು ಪರೀಕ್ಷೆ ನೋಡ್ಕೋ. ಇನ್ಮ್ಯಾಲೆ ಅವನ್ನ ನೀನು ತಾನು ಅನ್ನಬ್ಯಾಡ, ನೀವು ಅನ್ನೋದ್ನ ಕಲಿ.

ನಿಮ್ಮಪ್ಪ ಖುಷಿನಾಗೆ ಎರಡು ದಿನದಿಂದ ಶಿಳ್ಳೆ ಹಾಕ್ತಾ ಅವ್ನೆ.

ನಿಮ್ಮಮ್ಮ


ಕೃಷ್ಣಗಿರಿ
ಡಿಸೆಂಬರ್ 26, 2024

ಮಾವ,

ಅಮ್ಮನ ಕಾಗದ ಬಂದಿದೆ. ಮೂರು ಸಲ ಓದಿದೆ. ನಾಲ್ಕನೇ ಸಲಕ್ಕೆ ಮಡಿಚಿಟ್ಟು ಪೆನ್ನು ತೆಗೆದೆ.

ಒಂದೇ ಪ್ರಶ್ನೆ. ಯಾಕೆ ಬೇಡ ಅನ್ನಲಿಲ್ಲ?

ಸಮೀಕರಣ ಬೇಡ ಅನ್ನಲಿಲ್ಲ ಅಂದರೆ ಹೌದು ಅಂದ ಹಾಗಲ್ಲ ಅಂತ ನನಗೆ ಕಲಿಸಿದವನು ನೀನು. ನಮ್ಮೂರಲ್ಲಿ ಆ ಪಾಠ ಯಾರಿಗೂ ಗೊತ್ತಿಲ್ಲ. ಅಲ್ಲಿ ತಲೆ ಬಗ್ಗಿಸಿ ಕೂತರೆ ಒಪ್ಪಿದ ಅಂತಲೇ ಅರ್ಥ. ಅದು ನಿನಗೆ ಗೊತ್ತಿರಲಿಲ್ಲವಾ? ಮೂವತ್ತೊಂದು ವರ್ಷ ಆ ಊರಿನ ಅನ್ನ ತಿಂದಿದ್ದೀಯ.

ನಾನೇ ಬೇಡ ಅನ್ನಬಹುದಲ್ಲ ಅಂತ ನೀನು ಕೇಳಬಹುದು. ಅಂದು ನೋಡುತ್ತೇನೆ ಅಂತಿಟ್ಟುಕೋ. ಅಮ್ಮ ಮೊದಲು ಕೇಳುವುದೇನು? "ಹಂಗಾದ್ರೆ ನೀನು ಮದ್ವೆ ಆಗಲ್ಲ ಅನ್ನೋ ಗಂಡಸಿಗೆ ವಾರಾವಾರ ಹೊರೆ ಹೊರೆ ಏನ್ ಬರೀತಿದ್ದೆ?" ಫಿಸಿಕ್ಸ್ ಅಂದರೆ ನಂಬುತ್ತಾಳಾ? ಮಾವ ಅಂತಲೇ ನನ್ನ ಜಡೆ ಉಳಿದದ್ದು. ಮಾವನೂ ಬೇಡ ಅಂದರೆ ನಾನು ಗಂಡಸರ ಜೊತೆ ಚೆಲ್ಲಾಟ ಆಡುವವಳು, ಮಾರನೇ ದಿನ ಟ್ರಂಕು ಕಟ್ಟಿಸುತ್ತಾಳೆ. ಕೊನೇ ಸೆಮಿಸ್ಟರ್ ಬಾಕಿ ಇದೆ ಮಾವ. ಎಂ.ಎಸ್ಸಿ.ಗೆ ಅರ್ಜಿ ಹಾಕಬೇಕು ಅಂತ ಮೂರ್ತಿ ಸರ್ ತಾವಾಗಿ ಕರೆದು ಹೇಳಿದ್ದಾರೆ. ನಮ್ಮ ಮನೆಯಲ್ಲಿ ಅಷ್ಟು ಓದಿದ ಹೆಂಗಸು ಇಲ್ಲ.

ನಿನ್ನ ಒಂದು ಮಾತು ಸಾಕು. ಹೆಣ್ಣು ಕೊಡುವ ಮನೆಯಲ್ಲಿ ಸೋದರಮಾವನ ಮಾತೇ ಮೇಲು, ಅದು ನಮ್ಮ ಕಡೆಯ ಕಟ್ಟಳೆ. ಹುಡುಗಿಯನ್ನು ಬೇರೆ ಕಡೆ ಕೊಡಬೇಕಾದರೂ ಮೊದಲ ತಟ್ಟೆ ಮಾವನಿಗೆ ಇಟ್ಟು ಅವನ ಬಾಯಲ್ಲಿ "ಕೊಡಿ" ಅನ್ನಿಸಬೇಕು. ಅಷ್ಟು ಅಧಿಕಾರ ಇಟ್ಟುಕೊಂಡು ನೀನು ಮಾತೇ ಆಡದೆ ಕೂತೆ.

ಅಕ್ಕನಿಗೆ ಫೋನ್ ಮಾಡಿ ಬೇಡ ಅಂತ ಹೇಳು. ಇವತ್ತೇ ಹೇಳು.

ಭಾನು


ಜೂಜುವಾಡಿ
ಜನವರಿ 3, 2025

ಭಾನು,

ನಾಲ್ಕು ಸಲ ಬರೆದು ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ಅಕ್ಕ ಬಂದು ಕೇಳಿದಾಗ ಬೇಡ ಅನ್ನುವ ಮಾತು ಬಾಯಿಗೆ ಬರಲಿಲ್ಲ. ಹಿಂದೆ ಯಾರಾದರೂ ಆ ಮಾತೆತ್ತಿದರೆ ನಾನೇ ನಕ್ಕು ತಳ್ಳಿಹಾಕುತ್ತಿದ್ದೆ. ಈ ಸಲ ಆಗಲಿಲ್ಲ. ವಾರಕ್ಕೊಂದು ಕಾಗದ ಬರುತ್ತಿತ್ತು. ಶಿಫ್ಟ್ ಮುಗಿಸಿ ಬಂದರೆ ಬಾಗಿಲ ಸಂದಿಯಲ್ಲಿ ಲಕೋಟೆ ಇದೆಯಾ ಅಂತ ಮೊದಲು ನೋಡುತ್ತಿದ್ದೆ. ನನ್ನ ತಲೆಯಲ್ಲಿ ಇರುವುದನ್ನು ಇನ್ನೊಬ್ಬರ ತಲೆಗೆ ಇದ್ದ ಹಾಗೇ ದಾಟಿಸಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ನನಗೆ ಆಸೆ ಹುಟ್ಟಿತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ನಿನಗೆ ನನ್ನಲ್ಲಿ ಏನು ಕೊರತೆ ಕಾಣುತ್ತದೆ ಹೇಳು. ಎಂ.ಎಸ್ಸಿ. ನಾನು ಓದಿಸುತ್ತೇನೆ. ಅಡಿಗೆ ನನಗೆ ಬರುತ್ತದೆ. ಬೇರೆ ಯಾರನ್ನೋ ಕಟ್ಟಿಕೊಂಡರೆ ಅವನು ಓದಿಸುತ್ತಾನಾ? ಒಂದು ಸಲ ಯೋಚನೆ ಮಾಡು.

ವಯಸ್ಸು ಅನ್ನುತ್ತೀಯ ಅಂತ ಗೊತ್ತು, ಹನ್ನೊಂದು ವರ್ಷ. ಅದಕ್ಕೂ ಒಂದು ಲೆಕ್ಕ ಮಾಡಿದೆ, ನಗಬೇಡ. ಬೆಳಕಿನ ವೇಗದ ನೂರಕ್ಕೆ ತೊಂಬತ್ತೊಂಬತ್ತೂವರೆಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ನಾನು ಹೋಗಿ ವಾಪಸ್ ಬಂದರೆ, ಇಲ್ಲಿ ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ನನಗೆ ಒಂದೇ ವರ್ಷ. ನಿನಗೆ ಮೂವತ್ತೆರಡು, ನನಗೂ ಮೂವತ್ತೆರಡು. ನಿಯಮಗಳ ಅಡ್ಡಿ ಏನೂ ಇಲ್ಲ. ಇಬ್ಬರೂ ಒಂದೇ ವಯಸ್ಸಿನವರಾಗಿ ಎದುರುಬದುರು ನಿಂತರೆ ಆಗಲೂ ಬೇಡ ಅನ್ನುತ್ತೀಯಾ?

ಸುರೇಂದ್ರ


ಕೃಷ್ಣಗಿರಿ
ಜನವರಿ 8, 2025

ಮಾವ,

ಲೆಕ್ಕ ಸರಿಯಾಗಿದೆ. ನಾನೂ ಮಾಡಿ ನೋಡಿದೆ. ವರ್ಗಮೂಲ, ದಶಮಾಂಶ, ಎಲ್ಲ ಸರಿ.

ಆದರೆ ಆ ಹನ್ನೆರಡು ವರ್ಷ ನಾನೆಲ್ಲಿದ್ದೆ? ನೀನು ರಾಕೆಟ್ ಹತ್ತಿ ಹೋದೆ, ಒಂದು ವರ್ಷ ಅನುಭವಿಸಿ ಬಂದೆ. ನಾನು ಗೋಡೆ ಗಡಿಯಾರದ ಹಾಗೆ ಮೊಳೆಗೆ ನೇತುಹಾಕಿಕೊಂಡು ಟಿಕ್ ಟಿಕ್ ಅನ್ನುತ್ತಿರುತ್ತೇನೆ ಅಂತ ಬಗೆದೆಯಾ? ನಾನು ಓದಿರುತ್ತೇನೆ, ದುಡಿದಿರುತ್ತೇನೆ, ಯಾರನ್ನೋ ಇಷ್ಟಪಟ್ಟಿರುತ್ತೇನೆ ಅಥವಾ ಯಾರನ್ನೂ ಇಷ್ಟಪಡದೆ ಸುಖವಾಗಿರುತ್ತೇನೆ. ನಿನ್ನ ಲೆಕ್ಕದಲ್ಲಿ ನನ್ನ ವಯಸ್ಸು ಇದೆ, ನಾನು ಇಲ್ಲ. ಇದರಿಂದ ನನಗೆ ತುಂಬ ನೋವಾಯಿತು ಮಾವ. ಬೇರೆ ಯಾರು ಬರೆದಿದ್ದರೂ ಇಷ್ಟು ಆಗುತ್ತಿರಲಿಲ್ಲ.

ಕೊರತೆ ಏನು ಅಂತ ಕೇಳಿದ್ದೀಯ. ನಿನ್ನಲ್ಲಿ ಕೊರತೆ ಇಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವನು ನೀನು. ನನ್ನ ಮೂಗು ಒರೆಸಿದವನು. ನನಗೆ ನೀನು ಅರ್ಧ ಅಣ್ಣ, ಅರ್ಧ ಮೇಷ್ಟ್ರು. ಆ ಕಣ್ಣಲ್ಲೇ ನಿನ್ನನ್ನು ನೋಡಿ ಬೆಳೆದಿದ್ದೇನೆ, ಬೇರೆ ಕಣ್ಣು ನನಗೆ ಎಲ್ಲಿಂದಲೂ ತರುವುದಕ್ಕೆ ಆಗುವುದಿಲ್ಲ. ಓದಿಸುತ್ತೇನೆ ಅಂದೆ. ಓದು ಅನ್ನುವುದು ಮದುವೆಗೆ ಕೊಡುವ ಬಾಬತ್ತಾ? ಅದನ್ನು ನೀನು ಹೇಳಬಾರದಿತ್ತು.

ಈಗ ನಾನು ಸಿಕ್ಕಿಬಿದ್ದಿದ್ದೇನೆ, ಬಾಗಿಲ ಕೀಲಿ ನಿನ್ನ ಕೈಯಲ್ಲಿದೆ. ಪೊಂಗಲ್‌ಗೆ ಊರಿಗೆ ಬರುತ್ತೇನೆ. ನೀನೂ ಬಾ. ಅಮ್ಮನ ಮುಂದೆ ಇಬ್ಬರೂ ಒಟ್ಟಿಗೆ ಹೇಳೋಣ.

ಭಾನು


ಕೃಷ್ಣಗಿರಿ
ಫೆಬ್ರವರಿ 1, 2025, ಶನಿವಾರ

ಮಾವ,

ಪೊಂಗಲ್‌ಗೆ ನೀನು ಬರಲಿಲ್ಲ. ಓವರ್‌ಟೈಮ್ ಅಂತ ಅಮ್ಮನಿಗೆ ಫೋನ್ ಮಾಡಿದೆಯಂತೆ. ನನ್ನ ಕಾಗದಕ್ಕೂ ಉತ್ತರ ಇಲ್ಲ.

ಅಮ್ಮ ಸೀರೆ ತಂದಿಟ್ಟಿದ್ದಳು, ಗಿಳಿಹಸಿರು. ಅಪ್ಪ ರೋಜಾ ತೋಟದಿಂದ ಬಂದು ಕೈ ತೊಳೆಯದೆಯೇ ನನ್ನ ತಲೆ ಸವರಿ, "ನೀನು ದೂರ ಹೋಗದೆ ಕಣ್ಮುಂದೇನೇ ಇರ್ತೀಯ ಅಂತ ನಂಗೆ ಅದೇ ಸಂತೋಷ ಕಣವ್ವ" ಅಂದ. ಹೇಳಲೇಬೇಕು ಅಂತ ಹೋಗಿದ್ದವಳು ನಾನು. ಬಾಯಿ ತೆರೆಯುವುದಕ್ಕೆ ಆಗಲಿಲ್ಲ. ನಿನ್ನನ್ನು ಬೈದಷ್ಟೇ ನನ್ನನ್ನೂ ಬೈದುಕೊಂಡಿದ್ದೇನೆ.

ನಿನ್ನೆ ಶುಕ್ರವಾರ. ಅದೇ ದಿನ ನನ್ನ ಸೆಮಿನಾರ್ ಬಿತ್ತು. ಬೋರ್ಡಿನ ಮೇಲೆ ಶಂಕು ಬರೆಯುತ್ತ ಗಡಿಯಾರ ನೋಡಿದೆ. ಆ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿರುತ್ತಾರೆ, ಗೋಪಾಲಪ್ಪ ದೊಡ್ಡಪ್ಪ ಊರಿನ ಹಿರಿಯರ ಪರವಾಗಿ ನಡುವೆ ಕೂತಿರುತ್ತಾರೆ, ತಟ್ಟೆಯಲ್ಲಿ ಎಲೆ ಜೋಡಿಸಿರುತ್ತಾರೆ ಅನ್ನಿಸಿ ಸೀಮೆಸುಣ್ಣ ಕೈಯಿಂದ ಜಾರಿತು. ಮೂರ್ತಿ ಸರ್ ನೀರು ಕೊಟ್ಟರು. ಮುಗಿಸಿದೆ. ಚಪ್ಪಾಳೆ ತಟ್ಟಿದರು. ಪಕ್ಕದವಳು ಒಂದು ಪ್ರಶ್ನೆ ಕೇಳಿದಳು: "ಹಿಂದೆ ಹೋಗಲು ಆಗುತ್ತದೋ ಇಲ್ಲವೋ, ಒಂದೇ ಮಾತಲ್ಲಿ ಹೇಳು." ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅನ್ನುವುದೇ ಈವರೆಗಿನ ಸರಿಯಾದ ಉತ್ತರ ಅಂತ ಸರ್ ಎಲ್ಲರಿಗೂ ಹೇಳಿದರು.

ಈಗ ನನ್ನ ಬದುಕಿನ ಅತಿ ದೊಡ್ಡ ಸಂಗತಿ ಆಗಿಹೋಗಿದೆ, ನನಗೆ ಮಾತ್ರ ತಲುಪಿಲ್ಲ. ಇಲ್ಲಿಂದ ಊರು ಒಂದೂವರೆ ಗಂಟೆಯ ಬಸ್ಸಿನ ದಾರಿ. ಆದರೂ ಯಾವುದೋ ನಕ್ಷತ್ರದಲ್ಲಿ ನಡೆದ ಹಾಗಿದೆ. ನೀನು ಎಲೆ ತೆಗೆದುಕೊಂಡೆಯಾ, ಇಲ್ಲವಾ? ಇದು ನಿನ್ನ ಕೈ ಸೇರುವಾಗ ನಿನಗೆ ಉತ್ತರ ಗೊತ್ತಿರುತ್ತದೆ, ಬರೆಯುತ್ತಿರುವ ನನಗೆ ಗೊತ್ತಿಲ್ಲ. ನಾಳೆ ಭಾನುವಾರ ಫೋನ್ ಮಾಡುತ್ತೇನೆ.

ಭಾನು

(ಭಾನುವಾರ ಸಂಜೆ: ಲಕೋಟೆ ಅಂಟಿಸುವ ಮೊದಲು ಇದೊಂದು. ಅಮ್ಮನಿಗೆ ಮಾಡಿದೆ, ಎತ್ತಲಿಲ್ಲ. ಅಪ್ಪ ಎತ್ತಿ "ಆಮ್ಯಾಕೆ ಮಾತಾಡಣ ಕಣವ್ವ" ಅಂದು ಇಟ್ಟುಬಿಟ್ಟ. ಶಿಳ್ಳೆ ಹಾಕುವ ಅಪ್ಪನ ದನಿ ಅದಲ್ಲ. ಏನು ಮಾಡಿದೆ ಮಾವ ನೀನು?)


ತೊರಪಲ್ಲಿ ಅಗ್ರಹಾರ
ಫೆಬ್ರವರಿ 4, 2025

ಭಾನು,

ಕ್ಷೇಮ ಸಮಾಚಾರ ಬರಿಯೋ ಮನಸ್ಸಿಲ್ಲ. ಆದದ್ದನ್ನ ಬರೀತೀನಿ, ಬ್ಯಾರೆಯೋರ ಬಾಯಾಗೆ ಕೇಳೋದ್ಕಿಂತ ನನ್ ಬಾಯಾಗೇ ಕೇಳು.

ಹತ್ತು ಜನ ದೊಡ್ಡೋರನ್ನ ಕರ್ಸಿದ್ವಿ. ಅವನು ತಡವಾಗಿ ಬಂದ, ಗಡ್ಡ ಸೈತ ತೆಗ್ದಿರಲಿಲ್ಲ. ಒಂದೇ ತಟ್ಟೆ ಇಟ್ಟಿದ್ವಿ. ಮಾವನೇ ಗಂಡು ಆದ್ಮ್ಯಾಕೆ ಮಾವನ ತಟ್ಟೆ ಬ್ಯಾರೆ ಯಾಕೆ? ಗೋಪಾಲಪ್ಪಣ್ಣ ತಟ್ಟೆನ ಅವನ ಮುಂದಕ್ಕೆ ತಳ್ಳಿದ್ರು. ಅವನು ಮುಟ್ಟಲಿಲ್ಲ. "ಇದು ಗಂಡಿನ ತಟ್ಟೆ. ನಂಗೆ ಮಾವನ ತಟ್ಟೆ ತನ್ನಿ" ಅಂದ. ಎಲ್ರೂ ತಮಾಸೆ ಅಂತ ನಕ್ಕರು. ನಾನೂ ನಕ್ಕೆ ಕಣೇ.

ಅವನು ನಗಲಿಲ್ಲ.

ನಿಮ್ಮಪ್ಪ ಎದ್ದು ನಿಂತು, "ಯಾಕ್ಲಾ, ಹುಡುಗಿ ಏನಾರಾ ಬ್ಯಾಡ ಅಂದ್ಲಾ?" ಅಂತ ಕೇಳ್ದ. ಅದಕ್ಕೆ ಅವನು, "ಅವಳು ಏನೂ ಅಂದಿಲ್ಲ ಭಾವ. ಅವಳ್ದೇನೂ ತಪ್ಪಿಲ್ಲ. ನಂಗೇ ಬ್ಯಾಡ" ಅಂದ್ಬುಟ್ಟ. ಹತ್ತು ಜನರ ಮುಂದೆ. "ಹಂಗಾದ್ರೆ ಆ ಕಾಗ್ದ?" ಅಂದೆ. "ಪಾಠ ಅಕ್ಕ. ಬರೀ ಪಾಠ. ನಾನು ಹೇಳ್ದೆ, ಅವಳು ಬರ್ಕಂಡ್ಳು" ಅಂದ.

ಗೋಪಾಲಪ್ಪಣ್ಣ, "ಸರಿ ಹೋಗ್ಲಿ, ಬ್ಯಾರೆ ಕಡೆ ನೋಡ್ತೀವಿ, ಕೊಡಿ ಅನ್ನು" ಅಂದ್ರು. ಅದಕ್ಕೂ ಒಪ್ಪಲಿಲ್ಲ. ಅವನೇ ಎದ್ದು ಒಳಕ್ಕೆ ಹೋಗಿ ತಟ್ಟೆ ತಂದು, ಅವನೇ ಎಲೆ ಇಟ್ಕಂಡು, ಮಾವನ ಜಾಗದಾಗೆ ಕೂತು, "ಅವಳ ಓದು ಮುಗಿಯೋಗಂಟ ಯಾರ್ಗೂ ಕೊಡಿ ಅಂತ ನನ್ ಬಾಯಾಗೆ ಬರಲ್ಲ. ಆಮ್ಯಾಕೂ ಅವಳು ಹೇಳಿದೋರಿಗೆ ಮಾತ್ರವೇ ಅಂತೀನಿ" ಅಂದ. ಮಾವನ ಮಾತು ಮೀರಿ ಹೆಣ್ಣು ಕೇಳಕ್ಕೆ ನಮ್ಮ ಕಡೆ ಯಾವನು ಬತ್ತಾನೆ? ತಾನೂ ಮಾಡ್ಕಳ್ಳಲ್ಲ, ಬ್ಯಾರೆಯೋರಿಗೂ ಬಿಡಲ್ಲ.

ಸ್ವಂತ ಸೋದರಮಾವನೇ ಬ್ಯಾಡ ಅಂದ ಹುಡುಗಿ ಅಂತ ಊರೆಲ್ಲ ಆಡ್ಕೊಂತಾ ಅದೆ. ಏನೋ ಐಬು ಇರ್ಬೇಕು ಅಂತ ನೀರು ಹಿಡಿಯೋ ತಾವ ನಾನು ಹೋದ್ರೆ ಮಾತು ನಿಲ್ಲಿಸ್ತಾರೆ. ಅವ್ವ ಸತ್ತಾಗ ಅವನಿಗೆ ಐದು ವರ್ಷ. ನಾನು ಎತ್ತಿ ಆಡಿಸಿದ್ದು, ನನ್ ಕೈ ತುತ್ತು ತಿಂದವನು. ಅವನ ಕಾಲು ನನ್ ಹೊಸಲು ತುಳಿಯೋ ಹಂಗಿಲ್ಲ ಅಂತ ಹೇಳ್ಬುಟ್ಟೆ. ನನ್ನ ಪಾಲಿಗೆ ತಮ್ಮ ಇಲ್ಲ.

ಎದ್ದು ಹೋದ. ಚಪ್ಪಲಿ ಹಾಕ್ಕಳ್ಳಕೂ ಮರ್ತು ಬರಿಗಾಲಾಗೆ ಗಾಡಿ ಹತ್ತಿದ. ಬ್ಯಾಡ ಅಂದವನ ಮುಖ ಅಲ್ಲ ಅದು. ನಂಗೆ ಏನೂ ಅರ್ಥ ಆಗ್ತಿಲ್ಲ.

ನಿನ್ ಕಾಲೇಜು ಸದ್ಯಕ್ಕೆ ಬಿಡಿಸಲ್ಲ. ಬಿಡಿಸಿ ಮನೆನಾಗೆ ಕೂರ್ಸಿ ಯಾರ್ಗೆ ತೋರ್ಸಲಿ?

ನಿಮ್ಮಮ್ಮ


ಕೃಷ್ಣಗಿರಿ
ಫೆಬ್ರವರಿ 7, 2025

ಮಾವ,

ಅಮ್ಮನ ಕಾಗದ ನಿನ್ನೆ ಬಂತು. ಊಟದ ಹಾಲಿನಲ್ಲಿ ಓದಿದೆ, ಅಲ್ಲೇ ಅತ್ತೆ. ವಾರ್ಡನ್ ಓಡಿ ಬಂದು ಯಾರು ತೀರಿಕೊಂಡರು ಅಂತ ಕೇಳಿದರು. ಯಾರೂ ಇಲ್ಲ ಅಂದೆ. ನಂಬದೆ ನನ್ನ ಪಕ್ಕದಲ್ಲೇ ಕೂತು ಮೊಸರನ್ನ ಕಲಸಿಕೊಟ್ಟರು.

ನಾನು ಕೇಳಿದ್ದು ಒಂದು ಮಾತು. ನೀನು ಕೊಟ್ಟದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಊರಿನವರು ನನ್ನನ್ನು ಬೇರೆ ಮನೆಗೆ ದಾಟಿಸದ ಹಾಗೂ ಮಾಡಿದೆ, ನಾನು ಅದನ್ನು ಯೋಚಿಸಿಯೂ ಇರಲಿಲ್ಲ. ಆಸೆ ಇತ್ತು ಅಂತ ಬರೆದವನು ಹತ್ತು ಜನರ ಮುಂದೆ "ನಂಗೇ ಬ್ಯಾಡ" ಅಂದೆ. ಅದನ್ನು ಹೇಳುವಾಗ ನಿನಗೆ ಹೇಗಾಗಿರಬೇಕು ಅಂತ ಮತ್ತೆ ಮತ್ತೆ ಯೋಚಿಸುತ್ತೇನೆ. ನಿನ್ನ ಆಸೆಗೆ ನಾನು ಕೊಡಬಹುದಾದ್ದು ಏನೂ ಇಲ್ಲ, ಈಗಲೂ ಇಲ್ಲ. ಅದನ್ನು ಮುಚ್ಚಿಡುವುದಿಲ್ಲ.

ಆದರೆ ಒಂದು ಸುಳ್ಳು ಹೇಳಿದ್ದೀಯ. ಅವಳು ಏನೂ ಅಂದಿಲ್ಲ ಅಂದೆ. ನಾನು ಅಂದಿದ್ದೆ, ಎರಡು ಕಾಗದದ ತುಂಬ ಅಂದಿದ್ದೆ. ಆ ಸುಳ್ಳಿನ ಮರೆಯಲ್ಲಿ ನಾನು ಒಳ್ಳೆಯ ಮಗಳಾಗಿ ಉಳಿದೆ, ನಿನಗೆ ಅಕ್ಕ ಇಲ್ಲದ ಹಾಗಾಯಿತು. ತಾಯಿ ಇಲ್ಲದ ನಿನಗೆ ಅವಳೇ ತಾಯಿ. ಇದನ್ನು ನಾನು ಇಟ್ಟುಕೊಳ್ಳಲಾರೆ ಮಾವ.

ಹೋದ ಶುಕ್ರವಾರದ ಪಡಸಾಲೆಗೆ ಹೋಗಿ ನಿನ್ನ ಪಕ್ಕದಲ್ಲಿ ನಿಲ್ಲುವುದಕ್ಕೆ ಯಾವ ನಿಯಮವೂ ನನಗೆ ದಾರಿ ಕೊಡುವುದಿಲ್ಲ. ಈ ಭಾನುವಾರದ ಪಡಸಾಲೆಗೆ ಹೋಗಬಹುದು. ಬೆಳಿಗ್ಗೆ ಹೊಸೂರಿನ ಬಸ್ಸಿದೆ, ವಾರ್ಡನ್ ಹತ್ತಿರ ಔಟ್‌ಪಾಸ್ ಬರೆಸಿಕೊಂಡಿದ್ದೇನೆ. ಗೋಪಾಲಪ್ಪ ದೊಡ್ಡಪ್ಪನನ್ನೂ ಕರೆಸು ಅಂತ ಅಪ್ಪನಿಗೆ ಹೇಳುತ್ತೇನೆ. ಅವರೆಲ್ಲರ ಮುಂದೆ ಅಮ್ಮನಿಗೆ ಹೇಳುತ್ತೇನೆ: ಬೇಡ ಅಂದವನು ನಿನ್ನ ತಮ್ಮ ಅಲ್ಲ, ನಾನು.

ಟ್ರಂಕು ಕಟ್ಟಿಸಿದರೆ ಕಟ್ಟಿಸಲಿ. ನಾನು ಹೋಗಿಯೇ ಹೋಗುತ್ತೇನೆ. ನೀನು ಬರಬೇಡ.

ಭಾನು